ನೀಲಿಗಟ್ಟಿದ ಎಲೆಗಳು

ಇದನ್ನು ಹೇಳುವುದು ಸರಿಯೋ ತಪ್ಪೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸತ್ತವರು ಎದ್ದು ಬಂದು ತಿದ್ದುವುದಿಲ್ಲ. ಬದುಕಿರುವವರು ಇದೇ ಬೀದಿಗಳಲ್ಲಿ ಓಡಾಡಿಕೊಂಡಿದ್ದಾರೆ. ಆದರೂ ಹೇಳುವ ಧೈರ್ಯ ಮಾಡಿದ್ದಕ್ಕೆ ಓದುವವರು ಕ್ಷಮಿಸಬೇಕು.

ಜೆ.ಪಿ. ನಗರದ ಆ ಕಾಂಪ್ಲೆಕ್ಸಿಗೆ ಬಿದ್ದ ಬೆಂಕಿ ಆರುವ ಹೊತ್ತಿಗೆ ಬಿಸಿಲು ಏರತೊಡಗಿತ್ತು. ಅಗ್ನಿಶಾಮಕ ದಳದವರು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಬಾಗಿಲು ತಳ್ಳಿದರು. ಒಳಗೆ ರಾತ್ರಿ ವಾಚ್‌ಮನ್ ನೀಲಕಂಠಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೈಮೇಲೆ ಒಂದೂ ಸುಟ್ಟ ಗಾಯವಿಲ್ಲ. ಹೊಗೆಯೇ ಸಾಕಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಕಲ್ಯಾಣಿ ಹೊಸ್ತಿಲಲ್ಲೇ ನಿಂತಳು. ಬಾಗಿಲ ಪಕ್ಕದಲ್ಲಿ ಅರ್ಧ ಕರಗಿದ ಒಂದು ಜೊತೆ ಚಪ್ಪಲಿ. ಅಲ್ಲಿಂದ ಒಂದು ಗೇಣು ದೂರದಲ್ಲಿ, ಮಸಿಯ ನಡುವೆ, ಒಂದು ಮಣ್ಣಿನ ಹಣತೆ. ಹಣತೆಯ ಹಿಂದಿನಿಂದ ಎರಡನೇ ಮಹಡಿಯವರೆಗೂ ಹಬ್ಬಿದ್ದ ಹಸಿರು ಗೋಡೆ ಈಗ ಬಹುಪಾಲು ಕರಿ ಗೋಡೆ. ಅದರ ತುಂಬ ಇದ್ದದ್ದು ಪ್ಲಾಸ್ಟಿಕ್ ಬಳ್ಳಿ, ಪ್ಲಾಸ್ಟಿಕ್ ಎಲೆ.

"ಕೇಸ್ ಮುಗೀತು ಮೇಡಂ," ಎಂದ ಕಾನ್‌ಸ್ಟೇಬಲ್ ರಘು. "ಕಸ ಗುಡ್ಸೋ ಗೋವಿಂದಮ್ಮ ಇಲ್ಲಿ ಗಣೇಶನ ಗೂಡಿಗೆ ದಿನಾ ಬೆಳಿಗ್ಗೆ ದೀಪ ಹಚ್ತಾಳಂತೆ. ಹಣತೆ ಗೂಡಿಂದ ಉರುಳಿ ಪ್ಲಾಸ್ಟಿಕ್ಕಿಗೆ ತಗುಲಿದೆ. ಅಷ್ಟೇ."

"ಇನ್ನೊಂದ್ಸಲ ನೋಡೋಣ."

ರಘು ನಿಟ್ಟುಸಿರುಬಿಟ್ಟ. ಸ್ಟೇಷನ್ನಿನಲ್ಲಿ ಅವಳಿಗೆ 'ಇನ್ನೊಂದ್ಸಲ ಮೇಡಂ' ಎಂದೇ ಅಡ್ಡಹೆಸರು. ಸಂಜೆ ಕಾಲೇಜಿನಲ್ಲಿ ಓದಿ, ತಡವಾಗಿ ಕೆಲಸಕ್ಕೆ ಬಂದವಳು. ತನ್ನ ಕಣ್ಣಿಗೆ ಏನೋ ತಪ್ಪಿಹೋಗಿದೆ ಎಂಬ ಭಯ ಅವಳನ್ನು ಬಿಟ್ಟಿರಲೇ ಇಲ್ಲ.

ಮಾಲೀಕರ ಮಗ ರೇವಂತ್ ಜಿಮ್ ಬಟ್ಟೆಯಲ್ಲೇ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು.

"ನಾನೇ ಕಣ್ಣಾರೆ ನೋಡ್ದೆ ಮೇಡಂ. ದೀಪ ಹಚ್ಚಿ, ಕೈ ಮುಗ್ದು ಹೋದ್ಲು. ಪಾಪ, ಬೇಕೂಂತ ಮಾಡಿದ್ದಲ್ಲ. ಜಾಸ್ತಿ ತೊಂದ್ರೆ ಕೊಡ್ಬೇಡಿ."

"ಸಿಸಿಟಿವಿ?"

"ರೆಕಾರ್ಡ್ ಆಗೋ ಡಬ್ಬಿ ಆ ಗೋಡೆ ಮೇಲೇ ಇತ್ತು. ಕರಗೋಗಿದೆ."

ಗೋವಿಂದಮ್ಮ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು.

"ಬೆಳಿಗ್ಗೆ ದೀಪ ಹಚ್ಚಿದ್ರಾ ಗೋವಿಂದಮ್ಮ?"

ಅವರು ತಲೆ ಎತ್ತಲಿಲ್ಲ. "ದಿನಾ ಹಚ್ತೀನಲ್ಲ ತಾಯಿ."

"ಇವತ್ತು?"

"ಹಚ್ಚಿರ್ತೀನಿ." ಆಮೇಲೆ ಸೆರಗು ಬಾಯಿಗೊತ್ತಿಕೊಂಡರು. "ನನ್ ಪಾಪಾನೇ ನೀಲಕಂಠಣ್ಣನ್ನ ತಗೊಂಡೋಯ್ತು."

ರಘು ಅದನ್ನು ಬರೆದುಕೊಂಡ. ನಾಳೆ ಕೋರ್ಟಿಗೆ ಹಾಜರುಪಡಿಸಿ ಎಂದು ಇನ್ಸ್‌ಪೆಕ್ಟರ್ ಫೋನಿನಲ್ಲೇ ಹೇಳಿಬಿಟ್ಟರು.

* * *

ಕಲ್ಯಾಣಿ ಸುಟ್ಟ ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯ ಅಂಚಿನಲ್ಲಿ ಬೆಂಕಿಗೆ ಸಿಗದ ಎಲೆಗಳು ಒಂದಿಷ್ಟು ಉಳಿದಿದ್ದವು. ಹಸಿರಲ್ಲ. ಪೇಲವ ನೀಲಿ.

"ಕಾವಿಗೆ ಬಣ್ಣ ತಿರುಗಿದೆ ಮೇಡಂ," ಎಂದ ರಘು.

ಇರಬಹುದು ಎನ್ನಿಸಿತು. ಇಳಿಯುವಾಗ ಮೊದಲ ಮಹಡಿಯ ಕ್ಲಿನಿಕ್ಕಿನ ತಗಡಿನ ಬೋರ್ಡು ಕಂಡಿತು. ಹಿಂದೆ ಕೈ ಹಾಕಿದಳು. ಬೋರ್ಡಿನ ಮರೆಯಲ್ಲಿ ಒಂದು ಗೊಂಚಲು ಬದುಕಿತ್ತು. ಅಚ್ಚ ಹಸಿರು.

"ರಘು, ಬೆಂಕಿಗೆ ಹತ್ರ ಇದ್ದದ್ದು ಹಸಿರು. ದೂರ ಇದ್ದದ್ದು ನೀಲಿ. ಕಾವಿಂದ ಅಂತ ಇನ್ನೊಂದ್ಸಲ ಹೇಳಿ?"

ರಘು ಎರಡು ಕಡೆಯಿಂದಲೂ ಎಲೆ ಕಿತ್ತು ಕವರಿಗೆ ಹಾಕಿದ.

ಜಯನಗರದಲ್ಲಿ ಕೃತಕ ಗಿಡಗಳ ಅಂಗಡಿ ಇಟ್ಟಿದ್ದ ವಾರಿಜಾ ಎರಡೂ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಎರಡೂ ಒಂದೇ ಮಾಲು ಮೇಡಂ. ಮನೆಯೊಳಗೆ ಇಡೋದು. ಹೊರಗಿಟ್ರೆ ಬಿಸಿಲಿಗೆ ಹಳದಿ ಮೊದಲು ಹಾರೋಗುತ್ತೆ, ನೀಲಿ ಉಳ್ಕೊಳ್ಳುತ್ತೆ. ಹೊರಗಡೆ ಮಾಲಿಗೆ ಬಿಸಿಲು ತಡೆಯೋ ಮದ್ದನ್ನ ಪ್ಲಾಸ್ಟಿಕ್ಕಿಗೇ ಕಲಸಿರ್ತಾರೆ. ಒಳ್ಳೇದಾದ್ರೆ ಬೆಂಕಿ ತಡೆಯೋದನ್ನೂ."

"ನೋಡಿ ತಗೊಂಡೋರಿಗೆ ಇದು ಗೊತ್ತಾಗಲ್ವಾ?"

"ನೋಡೋಕೆ ಎಲ್ಲಾ ಒಂದೇ. ಒಂದು ಬೇಸಿಗೆ ಕಳೀಬೇಕು."

* * *

ಬದಲಿ ಸೀರೆ, ಬಿ.ಪಿ. ಮಾತ್ರೆ ತರಲೆಂದು ಗೋವಿಂದಮ್ಮನನ್ನು ವಸಂತಪುರದ ಮನೆಗೆ ಕಲ್ಯಾಣಿಯೇ ಕರೆದೊಯ್ದಳು. ಬೀದಿಯ ಎಲ್ಲ ಮನೆಗಳ ಮುಂದೆಯೂ ರಂಗೋಲಿ. ಗೋವಿಂದಮ್ಮನ ಹೊಸ್ತಿಲು ಬರಿದು. ಪಕ್ಕದ ಮನೆಯದೂ ಬರಿದು. ಅಲ್ಲಿ ಜಗಲಿಯ ಮೇಲೆ ಹಾರ ಹಾಕಿದ ಫೋಟೊ. ಗೋವಿಂದಮ್ಮನ ಮನೆಯೊಳಗೆ ಬಂದರೆ ದೇವರ ಪಟಗಳ ಮೇಲೆ ಬಟ್ಟೆ ಇಳಿಬಿಟ್ಟಿತ್ತು. ದೀಪ ಒಣಗಿತ್ತು.

"ಪಕ್ಕದ ಮನೇಲಿ ತೀರ್ಕೊಂಡಿದ್ದು ಯಾರು?"

"ನಮ್ ಭಾವ. ನಮ್ಮೆಜಮಾನ್ರ ಅಣ್ಣ."

"ಸೂತಕ ಇದೆಯಲ್ಲ ಗೋವಿಂದಮ್ಮ. ಸೂತಕದಲ್ಲಿ ದೀಪ ಹೆಂಗೆ ಹಚ್ಚಿದ್ರಿ?"

ಅವರು ಗೋಡೆಗೆ ಒರಗಿದರು. "ಹಚ್ಚಿಲ್ಲ ತಾಯಿ. ಭಾವ ಹೋದಾಗಿಂದ ಆ ಹಣತೆ ಮುಟ್ಟಿಲ್ಲ."

"ಮತ್ತೆ ಯಾಕೆ ಹಚ್ಚಿರ್ತೀನಿ ಅಂದ್ರಿ?"

"ಹಚ್ಚಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ! ಓನರ್ ಮನೇಲೂ ನಾನೇ ಕೆಲ್ಸ ಮಾಡೋದು. ಸೂತಕ ಅಂದ್ರೆ ಮುನಿಲಕ್ಷ್ಮಮ್ಮೋರು ಅಷ್ಟು ದಿನ ಬರ್ಬೇಡ ಅಂತಾರೆ, ಬೇರೆಯೋರ್ನ ಇಟ್ಕೋತಾರೆ. ಹೇಳ್ದೇನೇ ಕೆಲ್ಸಕ್ಕೆ ಹೋದೆ. ಅವರ ದೇವರ ಪಾತ್ರೆ ಎಲ್ಲಾ ಬೆಳಗಿದೀನಿ. ನೀಲಕಂಠಣ್ಣಂಗೆ ಕಾಫೀನೂ ತಂದ್ಕೊಟ್ಟೆ. ಅದಕ್ಕೇ ಹೋದ್ರು ಅವರು. ನನ್ ಮೈಲಿಗೆಗೇ ಹೋದ್ರು." ಅವರು ಕಲ್ಯಾಣಿಯ ಕೈ ಹಿಡಿದುಕೊಂಡರು. "ಅವರಿಗೆ ಹೇಳ್ಬೇಡಿ. ಜೈಲಾದ್ರೂ ಆಗ್ಲಿ."

"ಹೇಳಲ್ಲ," ಎಂದುಬಿಟ್ಟಳು ಕಲ್ಯಾಣಿ. ಜೀಪು ಹತ್ತುವಾಗಲೇ ಆ ಮಾತು ಕೊಡಬಾರದಿತ್ತು ಎನ್ನಿಸಿತು.

* * *

ಮಾಲೀಕ ಚಿಕ್ಕಬೈರಪ್ಪ ತಮ್ಮ ಮನೆಯ ತಾರಸಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಒಂದು ಕಾಲದಲ್ಲಿ ಪುಟ್ಟೇನಹಳ್ಳಿಯ ಆಸುಪಾಸಿನಲ್ಲಿ ರಾಗಿ ಬೆಳೆಯುತ್ತಿದ್ದ ನೆಲದ ಮೇಲೇ ಅವರ ಕಾಂಪ್ಲೆಕ್ಸು ನಿಂತಿತ್ತು. ಎದುರಿಗೆ ಕೃತಕ ಗಿಡಗಳ ಸಾಲು. ಒಂದು ಹಸಿರಾಗಿತ್ತು. ಉಳಿದವು ಬಿಳುಚಿಕೊಂಡಿದ್ದವು.

"ಬೋರ್ ಒಣಗೋಯ್ತಮ್ಮ. ನಿಜವಾದ ಗಿಡಕ್ಕೆ ನೀರೆಲ್ಲಿ ತರಾಣ? ಸರಿ, ಪ್ಲಾಸ್ಟಿಕ್ಕೇ ಆಗ್ಲಿ ಅಂದೆ. ಆದ್ರೆ ಬೀಜ ಪರೀಕ್ಷೆ ಮಾಡ್ದೆ ಹೊಲಕ್ಕೆ ಹಾಕ್ತೀವಾ? ಒಂದು ಬೇಸಿಗೆ, ಒಂದು ಮಳೆಗಾಲ ಇಲ್ಲೇ ಬಿಟ್ಟೆ. ಎಲೆ ಜಗ್ಗಿ ನೋಡ್ದೆ. ಕಡ್ಡಿ ಗೀರಿ ಇಟ್ಟೆ. ಇದೊಂದು ನಿಂತ್ಕಂತು. ಇದ್ನೇ ತರ್ಸು ಅಂದೆ ರೇವಂತಂಗೆ."

"ಗೋಡೆ ನೋಡಿದ್ರಾ ಯಜಮಾನ್ರೇ?"

"ಅಷ್ಟೊತ್ಗೆ ಕಣ್ಣಿಗೆ ಪೊರೆ ಬಂದಿತ್ತು. ಆದ್ರೂ ಹಸಿರು ಕಾಣ್ತಿತ್ತು. ಈಗ ಆಪರೇಷನ್ ಆಯ್ತು. ಇವತ್ತೇ ಹೋಗಿ ಸರಿಯಾಗಿ ನೋಡಿ ಬರಾಣ ಅಂತಿದ್ದೆ. ಚೆನ್ನಾಗಿದ್ರೆ ಕಾಂಪ್ಲೆಕ್ಸು ಅವನ ಕೈಗೆ. ಇಲ್ದಿದ್ರೆ ಮಗಳು ಬಿಂದುಶ್ರೀ ನೋಡ್ಕಳ್ಲಿ ಅಂದಿದ್ದೆ."

ಕಲ್ಯಾಣಿ ಎಲೆ ಮುಂದಿಟ್ಟಳು. ಅವರು ಕನ್ನಡಕ ತೆಗೆದರು.

"ಇದೇನಮ್ಮ, ನೀಲಿ?"

"ನಿಮ್ಮ ಗೋಡೆದೇ."

"ನಮ್ದು ಹಸಿರು."

"ಪೊರೆ ಇದ್ದಾಗ ನೋಡಿದ್ದಲ್ವಾ?"

ಮುದುಕರು ಬೆಂಕಿಪೊಟ್ಟಣ ತರಿಸಿ ತಾವೇ ಕಡ್ಡಿ ಗೀರಿದರು. ಹಸಿರಾಗಿದ್ದ ಕುಂಡದ ಎಲೆ ಮುದುಡಿ ಆರಿತು. ಗೋಡೆಯ ಎಲೆ ಭಗ್ಗನೆ ಹತ್ತಿಕೊಂಡು ಉರಿಯುತ್ತಾ ತೊಟ್ಟಿಕ್ಕಿತು.

"ಸಪ್ಲೈ ಮಾಡಿದೋನು ಮೋಸ ಮಾಡಿದಾನೆ ಅಪ್ಪ." ಬಾಗಿಲಲ್ಲಿ ರೇವಂತ್ ನಿಂತಿದ್ದ. ಅವನ ಹಿಂದೆ ಕಾಫಿ ತಟ್ಟೆ ಹಿಡಿದ ತಾಯಿ ಮುನಿಲಕ್ಷ್ಮಮ್ಮ.

"ಇರಬಹುದು," ಎಂದಳು ಕಲ್ಯಾಣಿ. "ಗೋವಿಂದಮ್ಮ ದೀಪ ಹಚ್ಚಿದ್ದು ನೋಡಿದೆ ಅಂದ್ರಿ. ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಮೇಡಂ? ಎಣ್ಣೆ ಹಾಕಿದ್ಲು, ಹಚ್ಚಿದ್ಲು, ಕೈ ಮುಗಿದ್ಲು. ಎರಡು ಕಣ್ಣಲ್ಲಿ ನೋಡಿದೀನಿ."

ಕಲ್ಯಾಣಿ ಮುನಿಲಕ್ಷ್ಮಮ್ಮನ ಮುಖ ನೋಡಿದಳು. ಬೇರೆ ದಾರಿ ಹುಡುಕಿದಳು. ಹೊಳೆಯಲಿಲ್ಲ.

"ಅವರಿಗೆ ಸೂತಕ. ಭಾವ ತೀರ್ಕೊಂಡಾಗಿಂದ ಮನೆ ದೇವರಿಗೂ ದೀಪ ಹಚ್ಚಿಲ್ಲ."

ಕಾಫಿ ತಟ್ಟೆ ದಡಕ್ಕನೆ ನೆಲಕ್ಕಿಳಿಯಿತು.

"ಸೂತಕದಲ್ಲಿ ನಮ್ ದೇವರ ಪಾತ್ರೆ ಮುಟ್ಟಿದ್ಲಾ?" ಎಂದರು ಮುನಿಲಕ್ಷ್ಮಮ್ಮ.

ಚಿಕ್ಕಬೈರಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. ಮಗನನ್ನೇ ನೋಡುತ್ತಿದ್ದರು. "ದೀಪ ಯಾರೋ ಹಚ್ಚಿದ್ದು?"

ರೇವಂತ್ ಅಪ್ಪನ ಎದುರು ಬಂದು ಕೂತ. "ಗೋಡೆ ಒಂದು ಹೋದ್ರೆ ಸಾಕಿತ್ತು ಅಪ್ಪ. ಡ್ಯೂಟಿ ಮುಗಿಸ್ಕೊಂಡು ನೀಲಕಂಠಪ್ಪ ಹೋಗಿರ್ತಾರೆ ಅನ್ಕೊಂಡೆ."

* * *

ಸ್ಟೇಷನ್ನಿನಲ್ಲಿ ಅವನು ಎಲ್ಲ ಒಪ್ಪಿಕೊಂಡ. ಅಪ್ಪ ಆರಿಸಿದ್ದು ಒಂದು ಮಾಲು, ಅವನು ಹಾಕಿಸಿದ್ದು ಅಗ್ಗದ್ದು. ಒಂದೇ ಬೇಸಿಗೆಗೆ ಗೋಡೆ ನೀಲಿಗಟ್ಟಿತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ ಬೆರೆತು ಕಾಣುತ್ತಿದ್ದುದರಿಂದ ಅಪ್ಪನಿಗೆ ಅದು ಹಸಿರಾಗಿಯೇ ಉಳಿಯಿತು. ಪೊರೆ ತೆಗೆದ ಮೇಲೆ ಮುಚ್ಚಿಡುವಂತಿರಲಿಲ್ಲ. ಅಪ್ಪ ನೋಡುವ ಮೊದಲು ಗೋಡೆ ಇಲ್ಲವಾಗಬೇಕಿತ್ತು. ಗೋವಿಂದಮ್ಮ ಗುಡಿಸಿ ಹೋದ ಮೇಲೆ ಅವನು ಗೂಡಿನ ಹಣತೆ ತೆಗೆದ. ಅದು ಒಣಗಿತ್ತು. ದಿನಾ ಉರಿಯುವ ಹಣತೆ ಯಾಕೆ ಒಣಗಿದೆ ಎಂದು ಹುಟ್ಟಿದಂದಿನಿಂದ ಒಂದು ದೀಪವನ್ನೂ ಹಚ್ಚದವನಿಗೆ ಹೊಳೆಯಲಿಲ್ಲ. ಎಣ್ಣೆ ತಂದು ಸುರಿದು, ಎಲೆಗಳ ಬುಡಕ್ಕೆ ಇಟ್ಟ. ನೋಡಿದೆ ಎಂದು ಸುಳ್ಳು ಹೇಳದಿದ್ದರೆ ಬಹುಶಃ ಸಿಕ್ಕಿಬೀಳುತ್ತಲೂ ಇರಲಿಲ್ಲ.

ಗೋವಿಂದಮ್ಮನನ್ನು ಬಿಟ್ಟರು. ಅಷ್ಟರಲ್ಲಿ ಎರಡೂ ಕಡೆ ಕೆಲಸ ಹೋಗಿತ್ತು. ಮುನಿಲಕ್ಷ್ಮಮ್ಮ ಮಗನಿಗೆ ವಕೀಲರನ್ನೂ ಮನೆಯ ಶುದ್ಧಿಗೆ ಪುರೋಹಿತರನ್ನೂ ಒಟ್ಟಿಗೇ ಕರೆಸಿದ್ದರು.

"ಹೇಳಲ್ಲ ಅಂದಿದ್ರಲ್ಲ ಮೇಡಂ," ಎಂದರು ಗೋವಿಂದಮ್ಮ. ತಾಯಿ ಎನ್ನಲಿಲ್ಲ. ಮಾತ್ರೆಯ ಚೀಲ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಒಂದು ವಿಷಯ ಮಾತ್ರ ಕೊನೆಗೂ ತಿಳಿಯಲಿಲ್ಲ. ಹಗಲಿನ ವಾಚ್‌ಮನ್ ಬಂದಿರಲಿಲ್ಲವೆಂದು ನೀಲಕಂಠಪ್ಪ ಅಲ್ಲೇ ಉಳಿದು ಸ್ವಲ್ಪ ಅಡ್ಡಾಗಿದ್ದರು. ಚಪ್ಪಲಿ ಬಾಗಿಲ ಹೊರಗಿತ್ತು, ಹಣತೆಯಿಂದ ಒಂದು ಗೇಣು ದೂರದಲ್ಲಿ. ಬಗ್ಗಿ ಹಣತೆ ಇಟ್ಟವನ ಕಣ್ಣಿಗೆ ಅದು ಬಿದ್ದಿತ್ತೋ ಇಲ್ಲವೋ? ಬಿದ್ದಿದ್ದರೆ, ಒಳಗೆ ಮನುಷ್ಯರಿದ್ದಾರೆಂದು ಗೊತ್ತಿದ್ದೇ ಇಟ್ಟಂತೆ. ಕಲ್ಯಾಣಿ ಇನ್ನೊಂದ್ಸಲ, ಮತ್ತೊಂದ್ಸಲ ಕೇಳಿದಳು. ನೋಡಲಿಲ್ಲ ಎಂದ ಅವನು. ಅದು ನಿಜವೋ ಸುಳ್ಳೋ ಅವಳಿಗೆ ಗೊತ್ತಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.