ಎಲ್ಲಿಗೆ ಎಂದು ಕೇಳದವಳು

"ನಾಳೆ ಹೊರಡ್ತೆ, ವಿನಯಾ."

ಶಿರೂರಿನ ಕಡಲ ದಂಡೆಯಲ್ಲಿ ಒಣಮೀನು ಮಗುಚುತ್ತಿದ್ದ ವಿನಯಾಳ ಕೈ ಗಕ್ಕನೆ ನಿಂತಿತು. ಎದುರಿಗೆ ಜಿತೇಂದ್ರ! ಊರು ಬಿಜೂರಾದರೂ ಬೊಂಬಾಯಿಯಲ್ಲಿ ಬೆಳೆದವನು, ಜರ್ಮನಿಯಲ್ಲಿ ಕೆಲಸ. ಹಿರಿಯರು ಸಂಬಂಧದ ಮಾತು ಮುಗಿಸಿದ ಮೇಲೆ ಇಬ್ಬರೇ ಎದುರಾದದ್ದು ಇದೇ ಮೊದಲು.

ಎಲ್ಲಿಗೆ? ಎಂತ ಕೆಲಸಕ್ಕೆ?... ಪ್ರಶ್ನೆಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅವಳು ತಲೆಯೆತ್ತಲಿಲ್ಲ.

"ಎಲ್ಲಿಗ್ ಅಂದ್ ಒಂದ್ ಮಾತ್ ಕೇಂತಿಲ್ಯಲೆ?"

ಅವಳು ಮತ್ತೊಂದು ಮೀನು ಮಗುಚಿದಳು.

"ಗೊತ್ತಾಯ್ತ್ ಬಿಡ್. ನಿಂಗ್ ಮನಸಿಲ್ಲ. ವಾಪಾಸ್ ಬಂದ್ಮೇಲೆ ಮನಿಯರಿಗ್ ಹೇಳ್ತೆ, ಈ ಸಂಬಂಧ ಬ್ಯಾಡ ಅಂದ್."

ಅಯ್ಯೋ, ಹಾಗಲ್ಲ... ಮನಸ್ಸು ಚೀರಿತು. ಆದರೆ ಹೊರಟವನನ್ನು ಹಿಂದಿನಿಂದ ಕೂಗುವುದುಂಟೇ? ಅವನು ಹೋದ ದಾರಿಯನ್ನೇ ನೋಡುತ್ತಾ ನಿಂತಳು ಹುಡುಗಿ.

ಅದು ಎರಡು ಸಾವಿರದ ಹತ್ತರ ಏಪ್ರಿಲ್. ಅವನು ಜರ್ಮನಿ ಮುಟ್ಟಿದ್ದೇ ತಡ, ಐಸ್‌ಲ್ಯಾಂಡಿನ ಜ್ವಾಲಾಮುಖಿ ಬಾಯಿಬಿಟ್ಟಿತು. ಯುರೋಪಿನ ಆಕಾಶವೆಲ್ಲ ಬೂದಿ. ವಿಮಾನಗಳ ಹಾರಾಟವೇ ನಿಂತಿತು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅವನ ತಂಗಿ ಪುಷ್ಪ ಬಿಜೂರಿನಿಂದ ಓಡೋಡಿ ಬಂದಳು. ಮುಖ ಬಿಳಿಚಿತ್ತು.

"ಅಣ್ಣ ಪ್ಯಾಸೆಂಜರ್ ವಿಮಾನದ ಹೊಟ್ಟೆಯಲ್ಲ್ ಮಿಶಿನ್ ಕೂರ್ಸುದಲ್ದಾ... ಗಾಳಿಯಲ್ಲ್ ಯಾವ ಗ್ಯಾಸ್, ಎಷ್ಟ್ ಧೂಳ್ ಅಂದ್ ಅಳೂಕೆ. ಎಲ್ಲ ವಿಮಾನ ನಿಂತ್ರೂ ಇವತ್ತ್ ಆ ಒಂದ್ ವಿಮಾನ ಬೂದಿ ಹುಡ್ಕಂಡ್ ಹೋತಂಬ್ರ್. ಅವ್ನೂ ಹತ್ತಿದ್ದ."

"ಬೂದಿ ಒಳಗ್ ಹೋದ್ರೆ?"

"ಇಂಜಿನ್ ನಿಲ್ಲತ್ತಂಬ್ರ್..."

ವಿನಯಾ ಕಡಲ ಕಡೆ ನೋಡಿದಳು. ಒಂದು ಮೋಡವೂ ಇಲ್ಲದ ತಿಳಿ ಆಕಾಶ. ಅವಳಿಗೆ ಹೆದರಿಕೆಯಾದದ್ದೇ ಅದಕ್ಕೆ. ಅಪ್ಪ ಹೋದ ದಿನವೂ ಹೀಗೇ ಇತ್ತು.

ಹೊತ್ತು ಇಳಿಯಿತು. ಕಾಗೆಗಳು ಒಣಮೀನಿಗೆ ಮುತ್ತಿದವು. ಓಡಿಸಲು ಇಬ್ಬರಿಗೂ ಕೈ ಏಳಲಿಲ್ಲ.

ಮುಸ್ಸಂಜೆಗೆ ಪುಷ್ಪಳ ಮೊಬೈಲ್ ಬಡಿದುಕೊಂಡಿತು. "ಅಣ್ಣ..." ಎಂದವಳು ಅಳುತ್ತಾ ಅದನ್ನು ವಿನಯಾಳ ಕೈಗಿಟ್ಟಳು.

"ಇಳ್ದೆ. ಮನಿಯಲ್ಲ್ ಹೇಳ್, ಹೆದ್ರೂದ್ ಬ್ಯಾಡ."

"ನಾನ್, ವಿನಯಾ."

ಅವನು ಏನಾದರೂ ಹೇಳುವ ಮೊದಲೇ ಅವಳು ಮುಂದುವರಿಸಿದಳು.

"ದೋಣಿಗ್ ಹೋಪರ ಹತ್ರ ಎಲ್ಲಿಗ್ ಅಂದ್ ಕೇಂಬುಕಾಗ. ನಾನ್ ಸಣ್ಣಕಿಪ್ಪಾಗ ಅಪ್ಪಯ್ಯನ ಹಿಂದೆ ಓಡಿ ಕೇಂಡಿದ್ದೆ... ದೋಣಿ ಮಾತ್ರ ಬಂತ್." ಬಿಕ್ಕಿದಳು. "ನಿಮ್ಮನ್ನೂ ಕಳ್ಕಂಬುಕೆ ನನ್ನಿಂದ ಆತಿಲ್ಲ. ನೀವಂದ್ರೆ ನಂಗ್ ಜೀವ."

"ನಂಗ್ ಯಾರೂ ಹೇಳ್ಲಿಲ್ಲಲೆ, ಮಾರಾಯ್ತಿ..." ಎಂದ ಅವನು. "ವಿಮಾನ ಬಿಟ್ಟ ಕೂಡ್ಲೆ ಹೊರಡ್ತೆ."

ಅವಳು ತುಟಿ ಕಚ್ಚಿ ಹಿಡಿದಳು.

"ಕೇಣ್ಬ್ಯಾಡ. ಎಲ್ಲಿಗ್ ಅಂದ್ ನಾನೇ ಹೇಳ್ತೆ. ನಿನ್ನ ಹತ್ರಕ್ಕೇ."

"ಬನ್ನಿ" ಎಂದಳು ವಿನಯಾ.