ಕ್ಯೂನಲ್ಲಿ ಕಾದಿದ್ದ ಮುನ್ನೂರ ಹನ್ನೆರಡು ಮೇಲ್

"ಕೀಬೋರ್ಡಿಂದ ಕೈ ತೆಗೀರಿ! ಇಲ್ಲಾಂದ್ರೆ ವೈರ್ ಕಿತ್ತುಬಿಡ್ತೀನಿ!"

ಸರ್ವರ್ ರೂಮಿನ ಬಾಗಿಲಲ್ಲಿ ಮ್ಯಾನೇಜರ್. ಮೂರು ಮಹಡಿ ನನ್ನ ಹಿಂದೆ ಓಡಿ ಬಂದಿದ್ದ. ಏದುಸಿರು...

ನಾನು ಕೈ ತೆಗೆಯಲಿಲ್ಲ.

ಕೆಟ್ಟ ಸರ್ವರ್ ರಿಪೇರಿ ನನ್ನ ಕಸುಬು. ಈ ರಕ್ತನಿಧಿಗೆ ಕರೆಸಿದ್ದು ದೊಡ್ಡ ಡಾಕ್ಟರು. "ರಕ್ತ ಇಡೋ ಕೋಲ್ಡ್ ರೂಮ್ ಬಿಸಿಯಾದ್ರೆ ನಮಗೆಲ್ಲ ಮೇಲ್ ಬರಬೇಕು. ಬರ್ತಿಲ್ಲ, ನೋಡಿ" ಅಂದರು.

ನಾನು ಯಾರ ಅಕ್ಕ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಕೋಲ್ಡ್ ರೂಮ್ ನೋಡಿಕೊಳ್ಳುತ್ತಿದ್ದವಳು ನನ್ನ ತಂಗಿ. ಹೋದ ತಿಂಗಳು ಅದು ಬಿಸಿಯಾಗಿ ರಕ್ತದ ಚೀಲಗಳೆಲ್ಲ ಹಾಳಾದವು. ಎಚ್ಚರಿಕೆಯ ಮೇಲ್ ನಿಲ್ಲಿಸಿದ್ದು ಅವಳೇ ಅಂತ ಮ್ಯಾನೇಜರ್ ಬರೆದುಕೊಟ್ಟ. ಕೆಲಸ ಹೋಯಿತು. ಈಗ ಮನೆಯ ಫ್ರಿಜ್ಜಿನೊಳಗೆ ದಿನಕ್ಕೆ ಹತ್ತು ಸಲ ಕೈಯಿಟ್ಟು ನೋಡುತ್ತಾಳೆ... ತಣ್ಣಗಿದೆಯಾ ಅಂತ!

ಬೆಳಿಗ್ಗೆ ಟೆಸ್ಟ್ ಮೇಲ್ ಕಳಿಸಿದೆ. ಹೋಗಲಿಲ್ಲ. ವಿಳಾಸ ಸರಿ. ಪಾಸ್‌ವರ್ಡ್ ಸರಿ. ನೆಟ್‌ವರ್ಕ್ ಸರಿ.

ಹೊರಡಬೇಕಾದ ಮೇಲ್ ಸಾಲುಗಟ್ಟುವ ಕ್ಯೂ? ನಿಂತಿತ್ತು!

ಯಾರು ಏನು ಮಾಡಿದರು ಅಂತ ಸರ್ವರ್ ಬರೆದಿಡುತ್ತದೆ; ನಿಲ್ಲಿಸಿದವರ ಲಾಗಿನ್ ಆ ಲಾಗ್‌ನಲ್ಲಿತ್ತು. ಮ್ಯಾನೇಜರನದು. ಅದನ್ನು ನೋಡುತ್ತಿದ್ದ ಹಾಗೇ ಅವನು ನನ್ನ ಲ್ಯಾಪ್‌ಟಾಪ್ ಕಿತ್ತುಕೊಂಡ. ನಾನು ಇಲ್ಲಿಗೆ ಓಡಿದೆ.

"ರಜೇಲಿದ್ದೆ ಕಣ್ರೀ!" ಅವನು ಬಾಗಿಲಿಂದ ಒಳಬಂದ. " ಮೇಲ್ ಮೇಲೆ ಮೇಲ್... ಎರಡು ದಿನಕ್ಕೆ ಅಂತ ನಿಲ್ಲಿಸಿದೆ. ಆಮೇಲೆ ಮರೆತೆ."

"ನನ್ನ ತಂಗಿ ಹೆಸರು ಬರೆಯೋದು ಮಾತ್ರ ಮರೀಲಿಲ್ಲ."

ಅವನ ಮುಖ ಬಿಳುಚಿತು. "ತಂಗೀನಾ?... ಆಕೇನ ವಾಪಸ್ ತಗೋತೀನಿ ಮೇಡಂ. ಆ ಲಾಗ್ ಅಳಿಸಿಬಿಡಿ."

"ತಪ್ಪು ಮಾಡಿದವಳು ಅನ್ನೋ ಹಣೆಪಟ್ಟಿ ಸಮೇತ ವಾಪಸ್ಸಾ?"

ಅವನು ಇನ್ನೂ ಹತ್ತಿರ ಬಂದ. ಕೈ ವೈರಿನತ್ತ ಸರಿಯಿತು.

ಅವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಕ್ಯೂ ನಿಲ್ಲಿಸಿದರೆ ಮೇಲ್ ಸಾಯುವುದಿಲ್ಲ. ಹೆಂಗಸರ ಸಿಟ್ಟಿನ ಹಾಗೆ, ಒಳಗೇ ಸಾಲಾಗಿ ಕೂತು ಕಾಯುತ್ತದೆ. ಮುನ್ನೂರ ಹನ್ನೆರಡು ಎಚ್ಚರಿಕೆ, ತಾರೀಕು, ಗಂಟೆ ಸಮೇತ! ಕೊನೆಗೆ, ಅವನು ಬಾಗಿಲಿಗೆ ಬರುವ ಮೊದಲೇ ಆ ಲಾಗ್ ಲಗತ್ತಿಸಿ ನಾನು ಸೇರಿಸಿದ್ದೂ ಒಂದು.

ಸ್ಟಾರ್ಟ್ ಅಂತ ಬರೆದೆ. ಎಂಟರ್ ಒತ್ತಿದೆ.

ಅವನು ವೈರ್ ಕಿತ್ತ! ಪರದೆ ಕಪ್ಪಾಯಿತು.

ನಾನು ನಕ್ಕೆ. ಕಿತ್ತಿದ್ದು ಬರೀ ಪರದೆಯ ವೈರ್. ಸರ್ವರ್‌ನ ಹಸಿರು ದೀಪ ಮಿಣುಕುತ್ತಲೇ ಇತ್ತು.

ಅವನು ಗೋಡೆಗೊರಗಿ ಹಾಗೇ ಕುಸಿದ.

ನನ್ನ ಫೋನ್ ಹೊಡೆದುಕೊಂಡಿತು. ದೊಡ್ಡ ಡಾಕ್ಟರು.

"ಏನಮ್ಮಾ ಇದು? ಮೇಲ್ ನಿಲ್ತಾನೇ ಇಲ್ಲ! ಕೊನೇದನ್ನೂ ಓದಿದೆ... ಆ ಹುಡುಗಿ ತಪ್ಪೇ ಇರಲಿಲ್ವಾ?"

"ಇರಲಿಲ್ಲ ಸಾರ್. ಸರ್ವರ್‌ನದೂ ಇಲ್ಲ. ಕೆಟ್ಟಿದ್ದ ಪಾರ್ಟ್ ಇಲ್ಲೇ ನೆಲದ ಮೇಲೆ ಕೂತಿದೆ... ಯಾರನ್ನಾದ್ರೂ ಕಳಿಸಿ, ಎತ್ಕೊಂಡು ಹೋಗ್ಲಿ!"