ಪ್ಲಾಸ್ಟಿಕ್ಕಿಗೆ ಹಿಡಿಯದ ಬಣ್ಣ

"ಬಣ್ಣ ಹಚ್ಚೋರು ಯಾರೂ ಇಲ್ವಾ ಇಲ್ಲಿ?"

"ನಾನಿಲ್ವೇನ್ರಿ? ಕಣ್ಣಿಗೆ ಕಾಣ್ತಿಲ್ವಾ?"

ಚನ್ನಗಿರಿಯ ಲಾರಿ ಸ್ಟ್ಯಾಂಡಿನ ಪಕ್ಕದ ಶೆಡ್ಡಿನಿಂದ ಎದ್ದು ಬಂದವಳು ಪೇಂಟರ್ ಪಂಚಾಕ್ಷರಪ್ಪನವರ ಮಗಳು ಕಸ್ತೂರಿ. ಕೆನ್ನೆ ಮೇಲೆ ಹಳದಿ ಬಣ್ಣ, ಮೂಗಿನ ತುದಿಯಲ್ಲಿ ಕೋಪ!

ಎದುರಿಗಿದ್ದವನು ಜಗಳೂರಿನ ಕೊಟ್ರಬಸಪ್ಪ. ತನ್ನದೇ ಲಾರಿ, ತಾನೇ ಡ್ರೈವರ್. ಅವನು ನಕ್ಕುಬಿಟ್ಟ.

"ಹೆಣ್ಮಕ್ಕಳ ಕೈಗೆ ಲಾರಿ ಕೊಡೋದು ಹೆಂಗ್ರಿ?"

"ಓಡಿಸಾಕೆ ಕೊಡಬ್ಯಾಡ್ರಿ. ಬಣ್ಣ ಹಚ್ಚಾಕೆ ಕೊಡ್ರಿ!"

ನಗು ಅಲ್ಲಿಗೇ ನಿಂತಿತು. ತಲೆ ಕೆರೆದುಕೊಂಡು ಹೇಳಿದ, "ಹಂಗಾದ್ರೆ ಒಳಗಿನ ಎಂಜಿನ್ ಕವರ್‌ಗೆ ಹಚ್ಚಿ ನೋಡ್ರಿ. ಕೆಟ್ಟರೂ ಹೊರಗೆ ಕಾಣಲ್ಲ."

ಡ್ರೈವರ್ ಸೀಟಿನ ಪಕ್ಕ ಉಬ್ಬಿಕೊಂಡಿರುತ್ತದಲ್ಲ, ಎಂಜಿನ್ ಮುಚ್ಚುವ ಕವರ್, ಅದು. ಉಳಿದ ಲಾರಿಗಳಲ್ಲಿ ತಗಡಿನದು. ಆದರೆ ಎಂಬತ್ನಾಲ್ಕನೇ ಇಸವಿಯ ಈ ಹೊಸ ಲಾರಿಯಲ್ಲಿ ನುಣ್ಣನೆಯ ಕಪ್ಪು ಪ್ಲಾಸ್ಟಿಕ್ಕು. ಅಂಥದ್ದನ್ನು ಅಪ್ಪನೂ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ.

ಕಸ್ತೂರಿ ಹಟ ಹಿಡಿದು ಕೂತಳು. ಮಲ್ಲಿಗೆ ಬಳ್ಳಿ ಬರೆದಳು, ನಡುವೆ ಎರಡು ಹಂಸ. ಪೇಂಟರ್‌ಗಳ ಪದ್ಧತಿಯಂತೆ ಮೂಲೆಯಲ್ಲಿ ಚಿಕ್ಕದಾಗಿ ಹೆಸರು ಹಾಕಿದಳು... 'ಕಸ್ತೂರಿ, ಚನ್ನಗಿರಿ'. ಅವಳು ತನ್ನ ಹೆಸರು ಹಾಕಿದ ಮೊದಲ ಕೆಲಸ ಅದು.

ಕೊಟ್ರಬಸಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ.

"ನಿಮ್ಮ ಹೆಸರು ಇನ್ನು ದಿನಾ ನನ್ನ ಪಕ್ಕದಾಗೇ ಇರ್ತೈತೆ," ಅಂದ ಮೆಲ್ಲಗೆ.

ಅವಳು ಬ್ರಷ್ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದಳು.

ಆಮೇಲೆ ಅವನ ಲಾರಿಗೆ ಚನ್ನಗಿರಿಯಲ್ಲಿ ಏನಾದರೊಂದು ಕೆಲಸ ಹುಟ್ಟುತ್ತಲೇ ಇತ್ತು. ಪಂಚಾಕ್ಷರಪ್ಪನವರೇನು ದಡ್ಡರೇ? ಒಳಗೊಳಗೇ ನಕ್ಕರು. ಬೇಸಿಗೆಯಲ್ಲಿ ಜಗಳೂರಿನಿಂದ ಹೇಳಿಕೆ ಬಂತು, 'ಸೋಮವಾರ ಹೆಣ್ಣು ನೋಡಾಕೆ ಬರ್ತೀವಿ.'

ಅದರ ಹಿಂದಿನ ದಿನ ಕಸ್ತೂರಿ ನ್ಯಾಮತಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಬಸ್ಸಿಗೆ ಬರುವಾಗ ರಸ್ತೆ ಬದಿಯಲ್ಲಿ ಅವನ ಲಾರಿ! ಅವನು ಇರಲಿಲ್ಲ. ಕಳ್ಳಿಯಂತೆ ಕಿಟಕಿಯಲ್ಲಿ ಇಣುಕಿದಳು.

ಎಂಜಿನ್ ಕವರ್ ಬೋಳಾಗಿತ್ತು.

ಬಳ್ಳಿ ಇಲ್ಲ, ಹಂಸ ಇಲ್ಲ. ಮೂಲೆಯ ಹೆಸರನ್ನೂ ಬಿಡದೆ ಬ್ಲೇಡಿನಿಂದ ಕೆರೆದಿದ್ದ ಗುರುತು ಎದ್ದು ಕಾಣುತ್ತಿತ್ತು.

'ಕೆರೆದು ಹಾಕಿದ್ದಾನೆ... ನನ್ನ ಹೆಸರನ್ನೂ! ಹಂಗಾದ್ರೆ ನಾಳೆ ಯಾಕೆ ಬರ್ತಾನೆ? ಹಿರಿಯರು ತಳ್ಳಿದ್ದಕ್ಕಾ?'

ಒಂದು ಮಾತು ಕೇಳಬಹುದಿತ್ತು. ಅವನು ಬರುವವರೆಗೆ ಕಾಯಬಹುದಿತ್ತು. ಆದರೆ ನಮ್ಮ ಕಸ್ತೂರಿ ಬಸ್ಸು ಹತ್ತಿದಳು. ಚನ್ನಗಿರಿ ಮುಟ್ಟುವಷ್ಟರಲ್ಲಿ ಅವಳ ಅಳು ಒಣಗಿ ಸಿಟ್ಟು ಮಾತ್ರ ಉಳಿದಿತ್ತು.

ಸೋಮವಾರ ಮನೆ ತುಂಬ ಜನ. ಕೊಟ್ರಬಸಪ್ಪನ ತಾಯಿ ಕೊಟ್ರಮ್ಮ ಹೂವಿನ ಪೊಟ್ಟಣ ಬಿಚ್ಚುತ್ತಾ, "ಬಾ ತಾಯಿ, ಮುಡಿಸ್ತೀನಿ," ಅಂದರು.

"ಬ್ಯಾಡ್ರಿ," ಅಂದಳು ಕಸ್ತೂರಿ. "ಊರೂರು ಅಲೆಯೋ ಡ್ರೈವರ್‌ನ ನಾನು ಒಲ್ಲೆ."

ಕೊಟ್ರಮ್ಮನ ಕೈ ಅಲ್ಲೇ ನಿಂತಿತು. ಕೊಟ್ರಬಸಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. "ಏಳವ್ವ, ಹೋಗಾನ," ಅಂದ. ಅವರು ಹೋದ ಮೇಲೆ ಪಂಚಾಕ್ಷರಪ್ಪನವರು ಮಗಳ ಜೊತೆ ಎಷ್ಟೋ ದಿನ ಮಾತು ಬಿಟ್ಟರು.

ವರ್ಷಗಳು ಹೋದವು. ಪಂಚಾಕ್ಷರಪ್ಪನವರು ತೀರಿಕೊಂಡರು, ಶೆಡ್ಡು ಕಸ್ತೂರಿಯ ಪಾಲಿಗೆ ಬಂತು. 'ಬಾಯಿ ಜೋರು' ಅನ್ನೋ ಹೆಸರು ಬಂದ ಹುಡುಗಿಯ ಮನೆಗೆ ಮತ್ತೆ ಯಾರೂ ಹೂವು ತರಲಿಲ್ಲ. ಹೊನ್ನಾಳಿ, ನ್ಯಾಮತಿ ಕಡೆಯ ಲಾರಿಗಳೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದವು. ಆದರೆ ಎಂಜಿನ್ ಕವರ್ ಅಂದರೆ ಸಾಕು, "ಅದೊಂದು ಬಿಟ್ಟು ಹೇಳ್ರಿ," ಅನ್ನುತ್ತಿದ್ದಳು.

ಉಬ್ರಾಣಿಯ ಡ್ರೈವರ್ ಜಂಪಣ್ಣ ಮಾತ್ರ ಬೆನ್ನು ಬಿಡಲಿಲ್ಲ. ಅವನದೂ ಪ್ಲಾಸ್ಟಿಕ್ ಕವರ್ರೇ. ಕಾಟ ತಾಳಲಾರದೆ ಬರೆದುಕೊಟ್ಟಳು. ತಿಂಗಳು ಕಳೆಯುವುದರೊಳಗೆ ಅವನು ಕೂಗಾಡುತ್ತಾ ಬಂದ.

"ಏನಕ್ಕಾ ಇದು! ಬಣ್ಣ ಹಪ್ಪಳದಂಗೆ ಎದ್ದು ಬರ್ತೈತೆ!"

ಕಸ್ತೂರಿ ಒಳಗೆ ಬಗ್ಗಿ ಉಗುರಿನಿಂದ ಕೆದಕಿದಳು. ಹಾಳೆ ಹಾಳೆಯಾಗಿ ಎದ್ದುಬಂತು. ಕೆಳಗೆ ಎಂಜಿನ್ ಕಾವು, ಮೇಲೆ ನುಣ್ಣನೆಯ ಪ್ಲಾಸ್ಟಿಕ್ಕು. ಉಪ್ಪುಕಾಗದ ಹಾಕಿ ತಿಕ್ಕಿ ಒರಟು ಮಾಡದಿದ್ದರೆ ಬಣ್ಣ ಕಚ್ಚುವುದಾದರೂ ಯಾವುದಕ್ಕೆ? ತಗಡಿನ ಅಭ್ಯಾಸದಲ್ಲಿ ಬರೀ ಒರೆಸಿ ಹಚ್ಚಿದ್ದಳು.

"ಜಗಳೂರು ಕೊಟ್ರಬಸಪ್ಪಂದೂ ಹಿಂಗೇ ಆಗಿತ್ತಕ್ಕಾ," ಅಂದ ಜಂಪಣ್ಣ. "ನ್ಯಾಮತ್ಯಾಗೆ ಕೂತು ಬ್ಲೇಡ್ ತಗಂಡು ಪೂರ್ತಿ ಕೆರೆದು ಹಾಕಿದ. ಯಾರಪ್ಪ ಪೇಂಟರ್ರು ಅಂತ ನಾವೆಲ್ಲ ನಕ್ಕರೆ, ಪೇಂಟರ್ ತಪ್ಪಲ್ಲ, ನನಗೇ ಬ್ಯಾಸರಾತು ಅಂದ. ಸುಳ್ಳು! ಎದ್ದ ಚೂರು ಅವನ ಮಡಿಲ ತುಂಬ ಬಿದ್ದಿತ್ತು."

ಕಸ್ತೂರಿ ಎದ್ದು ಬಂದ ಚೂರನ್ನು ಅಂಗೈಯಲ್ಲಿ ಹಿಡಿದು ನೋಡಿದಳು. 'ನನ್ನ ಹೆಸರನ್ನ ನಾಕು ಜನ ಆಡ್ಕೊಂಡು ನಗಬಾರದು ಅಂತ ಕೆರೆದ... ನಾನು ಅವನಿಗೆ ಏನಂದುಬಿಟ್ಟೆ!'

ಮರುದಿನವೇ ಜಗಳೂರಿನ ಬಸ್ಸು ಹತ್ತಿದಳು.

ಮಟಮಟ ಮಧ್ಯಾಹ್ನ. ಲಾರಿ ಸ್ಟ್ಯಾಂಡಿನಲ್ಲಿ ಕೊಟ್ರಬಸಪ್ಪ ಟೈರು ಬಿಗಿಯುತ್ತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು. ಅವಳನ್ನು ನೋಡಿದವನೇ ಸ್ಪ್ಯಾನರ್ ಕೆಳಗಿಟ್ಟ.

"ಏನ್ರಿ, ಡ್ರೈವರ್ ಹತ್ರ ಏನು ಕೆಲಸ?"

ಆ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ.

"ಬಣ್ಣ ಎದ್ದು ಬಂತು ಅಂತ ನನಗ್ಯಾಕೆ ಹೇಳಲಿಲ್ಲ?"

ಅವನು ಟೈರಿಗೆ ಒರಗಿ ನಿಂತ. "ನಿಮ್ಮಪ್ಪಾರು ಊರಿಗೆಲ್ಲ ನಿಮ್ಮ ಕೈ ಹೊಗಳ್ತಿದ್ರು. ನನ್ನ ಬಾಯಿಂದ ಹೆಂಗೆ ಹೇಳ್ಲಿ? ಮದುವೆ ಆದ ಮ್ಯಾಲೆ ಇಬ್ರೂ ನಗಾಡ್ಕೊಂಡು ಮತ್ತೆ ಬರೆದ್ರಾತು ಅಂದ್ಕಂಡಿದ್ದೆ."

"ನಾನು ಆ ಬೋಳು ಕವರ್ ನೋಡಿ... ನನ್ನ ಹೆಸರೇ ನಿಮಗೆ ಬ್ಯಾಡ ಆತು ಅಂದ್ಕಂಡೆ..."

"ಕೇಳಬಹುದಿತ್ತು."

"ಹೂಂ. ಕೇಳಲಿಲ್ಲ. ತಪ್ಪು ನಂದೇ." ಅವಳ ಕಣ್ಣು ತುಂಬಿತು. "ಅವ್ವಾರ ಕಾಲಿಗೆ ಬೀಳ್ತೀನಿ. ಮನೆ ತೋರ್ಸಿ."

"ಎಲ್ಲಿ ಬೀಳ್ತೀರಿ? ನಮ್ಮವ್ವ ಹೋದ್ಲು. ಡ್ರೈವರ್ ಕೆಲಸ ಬಿಡು ಮಗ, ಅದಕ್ಕೇ ಆ ಹುಡುಗಿ ಒಲ್ಲೆ ಅಂದ್ಲು, ಇನ್ಯಾರೂ ಹೆಣ್ಣು ಕೊಡವಲ್ರು ಅಂತ ಕಡೀವರೆಗೂ ಅತ್ಲು."

ಸತ್ತವರ ಹತ್ತಿರ ಕ್ಷಮೆ ಕೇಳೋಕಾಗುತ್ತಾ? ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಮುಖ ತಿರುಗಿಸಿಕೊಂಡು ನಿಂತ. ಅವನ ಕಣ್ಣೂ ಒದ್ದೆಯಾಗಿತ್ತು.

ಕೊನೆಗೆ ಅವಳು ಕಣ್ಣೊರೆಸಿಕೊಂಡು, ಸ್ಟ್ಯಾಂಡಿನ ಅಷ್ಟೂ ಜನ ತಿರುಗಿ ನೋಡುವ ಹಾಗೆ ಕೇಳಿದಳು.

"ಜಗಳೂರು ಕೊಟ್ರಬಸಪ್ಪನವರೇ, ನನ್ನ ಮದುವೆ ಆಗ್ತೀರಾ?"

"ಏಯ್! ಮೆಲ್ಲಗೆ ಮಾತಾಡ್ರಿ! ಎಲ್ರೂ ನೋಡ್ತಿದಾರೆ!"

"ನೋಡ್ಲಿ. ಒಲ್ಲೆ ಅಂದಿದ್ದೂ ಎಲ್ಲರ ಎದುರಿಗೇ. ಈಗ ನೀವೂ ಎಲ್ಲರ ಎದುರಿಗೇ ಒಲ್ಲೆ ಅನ್ರಿ, ಕೇಳ್ಕಂಡು ಹೋಗ್ತೀನಿ."

ಅವನು ಅನ್ನಲಿಲ್ಲ.

"ಕಸ್ತೂರಿ... ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೋ ತನಕ ಬೈರಿ. ದೂರದಿಂದ ಬ್ಯಾಡ, ಜೊತೆಗೇ ಇದ್ದು ಬೈರಿ."

ಅವನು ಅವಳ ಅತ್ತ ಮುಖ ನೋಡಿದ. ಕೈಯ ಗ್ರೀಸು ಒರೆಸಿಕೊಂಡ.

"ಊಟ ಮಾಡಿದ್ಯಾ?"

"ಇಲ್ಲ..."

"ಬಾ. ಮನೇಲಿ ರೊಟ್ಟಿ ಐತೆ."